ಟೈಲ್ಸ್ ನೆಲದ ಬಾಡಿಗೆ ಮನೆಗೆ ಕಾರ್ಪೆಟ್ ಹಾಸುವ ಮುನ್ನ

ಹೊರದೇಶಕ್ಕೆ ಬಂದು ಬಾಡಿಗೆ ಮನೆ ಹಿಡಿದ ಮೊದಲ ಚಳಿಗಾಲದಲ್ಲಿ, ಬೆಳಗ್ಗೆ ಮಂಚದಿಂದಿಳಿದು ಟೈಲ್ಸ್ ಮೇಲೆ ಕಾಲಿಟ್ಟೊಡನೆ ಅಂಗಾಲಿನಿಂದ ಚಳಿ ಮೇಲೇರಿದ ಅನುಭವ ನಮ್ಮಲ್ಲಿ ಅನೇಕರಿಗೆ ಆಗಿದೆ. ಆಗ ಹೊಸಬರು ತಕ್ಷಣ ಯೋಚಿಸುವುದು ಮನೆಗೆಲ್ಲ ಕಾರ್ಪೆಟ್ ಹಾಕಿಸಿಬಿಡೋಣ ಎಂದು. ಆ ಅವಸರ ಬೇಡ. ಟೈಲ್ಸ್ ಕೋಣೆಯ ಉಳಿದ ವಸ್ತುಗಳಿಗಿಂತ ಹೆಚ್ಚು ತಣ್ಣಗಿರುವುದೇ ಅಪರೂಪ. ಅದು ಅಂಗಾಲಿನ ಬಿಸಿಯನ್ನು ಬೇಗನೆ ಎಳೆದುಕೊಳ್ಳುವುದರಿಂದ ನಮಗೆ ಹಾಗೆ ಅನ್ನಿಸುತ್ತದೆ. ಕಾರ್ಪೆಟ್ಟಿನ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಆ ಬಿಸಿಯನ್ನು ಸುಲಭವಾಗಿ ಹರಿಯಗೊಡುವುದಿಲ್ಲ, ಅಷ್ಟೆ. ಆದ್ದರಿಂದ ಕಾಲು ನಿಲ್ಲುವ ಕಡೆ, ಅಂದರೆ ಮಂಚದ ಪಕ್ಕ, ಸೋಫಾದ ಮುಂದೆ, ಮಕ್ಕಳು ಕೂತು ಆಡುವ ಜಾಗದಲ್ಲಿ ಹಾಸಿದರೆ ನಿಮ್ಮ ತೊಂದರೆಯ ಬಹುಪಾಲು ಮುಗಿದಂತೆಯೇ.

ಗೋಡೆಯಿಂದ ಗೋಡೆಗೆ ಬಿಗಿಯಾಗಿ ಎಳೆದು ಕೂರಿಸುವ ಕಾರ್ಪೆಟ್ಟಿಗೆ ಕೋಣೆಯ ಅಂಚಿನುದ್ದಕ್ಕೂ ಸಣ್ಣ ಮೊಳೆಗಳು ಮೇಲ್ಮುಖವಾಗಿ ಚಾಚಿರುವ ಮರದ ಪಟ್ಟಿಗಳನ್ನು ನೆಲಕ್ಕೆ ಹೊಡೆಯಬೇಕಾಗುತ್ತದೆ, ಇಲ್ಲವೇ ಅಂಟು ಹಾಕಿ ಕೂರಿಸಬೇಕಾಗುತ್ತದೆ. ಟೈಲ್ಸ್ ಮೇಲೆ ಹೀಗೆ ಮಾಡಿದರೆ ತೂತು ಬೀಳುತ್ತದೆ, ಬಿರುಕು ಬಿಡುತ್ತದೆ. ಒಡೆದದ್ದು ಒಂದೇ ಟೈಲ್ ಆದರೂ ಅದೇ ಬಣ್ಣದ, ಅದೇ ಅಳತೆಯ ಜೋಡಿ ಹಲವು ವರ್ಷಗಳ ನಂತರ ಸಿಗುವುದು ಕಷ್ಟ. ಆಗ ಲೆಕ್ಕ ಒಂದು ಟೈಲಿಗೆ ನಿಲ್ಲದೆ ಇಡೀ ಕೋಣೆಗೆ ಬೆಳೆದು, ನೀವು ಕೊಟ್ಟ ಅಡ್ವಾನ್ಸನ್ನು ನುಂಗಬಹುದು. ನೆಲ ಮಾಲೀಕರದು, ಕಾರ್ಪೆಟ್ ನಿಮ್ಮದು. ಹಾಸಿದ್ದನ್ನು ಒಂದು ಮಧ್ಯಾಹ್ನದಲ್ಲಿ ಗುರುತು ಉಳಿಯದಂತೆ ಎತ್ತಲು ಬರುವಂತಿರಬೇಕು. ಹಾಗೆ ಸಡಿಲವಾಗಿ ಹಾಸುವುದಕ್ಕೆ ಸಾಮಾನ್ಯವಾಗಿ ಯಾರ ಆಕ್ಷೇಪವೂ ಇರುವುದಿಲ್ಲವಾದರೂ, ಕರಾರು ಪತ್ರವನ್ನು ಒಮ್ಮೆ ಓದಿ, ಸಂಶಯವಿದ್ದರೆ ಮಾಲೀಕರಿಗೆ ಇಮೇಲ್ ಬರೆದು ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ. ಫೋನಿನಲ್ಲಿ ಕೊಟ್ಟ ಒಪ್ಪಿಗೆ ಮನೆ ಬಿಡುವ ದಿನ ಯಾರಿಗೂ ನೆನಪಿರುವುದಿಲ್ಲ. ಹಾಸುವ ಮೊದಲು ಬರಿಯ ನೆಲದ ಚಿತ್ರಗಳನ್ನು, ಮುಖ್ಯವಾಗಿ ಮೊದಲೇ ಇದ್ದ ಬಿರುಕುಗಳನ್ನು, ತೆಗೆದಿಟ್ಟುಕೊಳ್ಳಿ.

ಸಿದ್ಧವಾಗಿ ಸಿಗುವ ದೊಡ್ಡ ರತ್ನಗಂಬಳಿ ಎಲ್ಲಕ್ಕಿಂತ ಸುಲಭ, ಆದರೆ ಅಳತೆ ದೊಡ್ಡದಾದಂತೆ ಬೆಲೆಯೂ ಏರುತ್ತದೆ. 50 ಸೆಂಟಿಮೀಟರ್ ಚೌಕದ ಕಾರ್ಪೆಟ್ ಬಿಲ್ಲೆಗಳೂ ಇವೆ. ಕಲೆಯಾದ ಒಂದನ್ನು ಮಾತ್ರ ಬದಲಿಸಬಹುದೆಂಬುದು ಅವುಗಳ ದೊಡ್ಡ ಗುಣವಾದರೂ, ನೋಡಲು ಕಚೇರಿಯಂತೆ ಕಾಣುತ್ತವೆಂಬುದು ನನ್ನ ತಕರಾರು. ನಾನು ಹೊಸಬರಿಗೆ ಹೇಳುವುದು ಮೂರನೆಯ ದಾರಿ. ಕಾರ್ಪೆಟ್ ಅಂಗಡಿಯಲ್ಲಿ ದೊಡ್ಡ ಸುರುಳಿಗಳಿಂದ ಕತ್ತರಿಸಿ ಉಳಿದ ತುಂಡುಗಳು ಅಗ್ಗಕ್ಕೆ ಸಿಗುತ್ತವೆ. ಸುರುಳಿಯ ಅಗಲ ಸಾಮಾನ್ಯವಾಗಿ 12 ಅಡಿ ಅಥವಾ 4 ಮೀಟರ್ ಇರುವುದರಿಂದ ಒಂದು ಮಲಗುವ ಕೋಣೆಗೆ ಜೋಡಣೆಯಿಲ್ಲದ ಒಂದೇ ತುಂಡು ಸಾಕಾಗುತ್ತದೆ. ಅದನ್ನು ಬೇಕಾದ ಅಳತೆಗೆ ಕತ್ತರಿಸಿ, ಎಳೆ ಬಿಚ್ಚದಂತೆ ಅಂಚಿಗೆ ಪಟ್ಟಿ ಹೊಲಿಸಿಕೊಳ್ಳಬೇಕು. ಗೋಡೆಯಿಂದ ಒಂದು ಗೇಣಿನಷ್ಟು ನೆಲವನ್ನು ಸುತ್ತಲೂ ಬಿಟ್ಟು ಅಳತೆ ಕೊಡಿ. ಬಾಡಿಗೆ ಮನೆಯ ಗೋಡೆಗಳು ನೇರವಾಗಿರುವುದು ಕಡಿಮೆ, ಅವುಗಳ ಸೊಟ್ಟಕ್ಕೆ ಹೊಂದಿಸಿ ಕತ್ತರಿಸುವ ಕಷ್ಟ ಇದರಿಂದ ತಪ್ಪುತ್ತದೆ, ಮುಂದಿನ ಮನೆಯಲ್ಲೂ ಅದೇ ತುಂಡು ಉಪಯೋಗಕ್ಕೆ ಬರುತ್ತದೆ. ಎರಡು ತುಂಡುಗಳನ್ನು ಪಕ್ಕಪಕ್ಕ ಹಾಸುವುದಾದರೆ ಕೈಯಿಂದ ಸವರಿ ನೋಡಿ, ಎಳೆಗಳು ಒಂದೇ ದಿಕ್ಕಿಗೆ ಮಲಗುವಂತೆ ಇಡಿ. ಇಲ್ಲದಿದ್ದರೆ ಒಂದೇ ಸುರುಳಿಯ ತುಂಡುಗಳೂ ಬೆಳಕಿನಲ್ಲಿ ಬೇರೆ ಬೇರೆ ಬಣ್ಣದವೆಂಬಂತೆ ಕಾಣುತ್ತವೆ.

ನೂಲಿನ ವಿಷಯದಲ್ಲಿ, ಓಡಾಟ ಹೆಚ್ಚಿರುವ ಕಡೆ ನೈಲಾನ್ ಬಾಳಿಕೆ ಬರುತ್ತದೆ. ಪಾಲಿಪ್ರೊಪಿಲೀನ್ ಅಗ್ಗ, ಕಲೆಯೂ ಬೇಗ ಹಿಡಿಯದು, ಆದರೆ ಭಾರದ ಕೆಳಗೆ ಚಪ್ಪಟೆಯಾದದ್ದು ಮತ್ತೆ ಏಳುವುದಿಲ್ಲ. ಉಣ್ಣೆ ಹಿತವಾಗಿರುತ್ತದೆ, ನುಸಿ ಹಿಡಿಯದಂತೆ ಕಾಯಬೇಕು.

ಅಂಗಡಿಗೆ ಹೋಗುವ ಮುನ್ನ ಎಲ್ಲರೂ ಮರೆಯುವುದು ಬಾಗಿಲನ್ನು. ಒಳಕ್ಕೆ ತೆರೆಯುವ ಬಾಗಿಲಿನ ಕೆಳಗಿನ ಸಂದಿಯಲ್ಲಿ ರಟ್ಟಿನ ತುಂಡುಗಳನ್ನು ಒಂದರ ಮೇಲೊಂದು ತೂರಿಸಿ, ಇನ್ನು ಹೋಗದೆನ್ನುವಾಗ ಆ ಕಟ್ಟಿನ ದಪ್ಪವನ್ನು ಅಳೆಯಿರಿ. ಕಾರ್ಪೆಟ್ ಮತ್ತು ಅದರ ಕೆಳಗಿನ ಮೆತ್ತೆ ಸೇರಿ ಅದಕ್ಕಿಂತ ದಪ್ಪವಾದರೆ, ಬಾಗಿಲು ತಿರುಗುವ ಜಾಗವನ್ನು ಬಿಟ್ಟು ಹಾಸಬೇಕೇ ಹೊರತು ಬಾಗಿಲಿನ ಅಡಿಯನ್ನು ಕೊಯ್ಯಬಾರದು. ಅದೂ ಮಾಲೀಕರದೇ.

ನುಣುಪಾದ ಟೈಲ್ಸ್ ಮೇಲೆ ಮೆತ್ತೆಯಿಲ್ಲದ ಕಾರ್ಪೆಟ್ ಜಾರುತ್ತದೆ. ವಯಸ್ಸಾದ ತಂದೆತಾಯಿ ಬಂದಿರುವ ಮನೆಯಲ್ಲಿ ಇದು ಸಣ್ಣ ವಿಷಯವಲ್ಲ. ನಾರುಗಳನ್ನು ಒತ್ತಿ ಮಾಡಿದ ಫೆಲ್ಟ್ ಬಟ್ಟೆಗೆ ಕೆಳಬದಿಯಲ್ಲಿ ರಬ್ಬರ್ ಹಚ್ಚಿದ ಮೆತ್ತೆಯನ್ನು ಕೊಂಡು, ಕಾರ್ಪೆಟ್ಟಿಗಿಂತ ಎಲ್ಲ ಬದಿಯಲ್ಲೂ 2.5 ಸೆಂಟಿಮೀಟರ್‌ನಷ್ಟು ಚಿಕ್ಕದಾಗಿ ಕತ್ತರಿಸಿದರೆ ಅಂಚು ನೆಲಕ್ಕೆ ಇಳಿದು ಕೂರುತ್ತದೆ, ಕಾಲಿಗೆ ಎಡವುವುದಿಲ್ಲ. ಟೈಲ್ಸ್ ಸಂದುಗಳ ಗೆರೆ ಕಾರ್ಪೆಟ್ಟಿನ ಮೇಲೆ ಮೂಡುವುದನ್ನೂ ಮೆತ್ತೆ ತಡೆಯುತ್ತದೆ, ಕೆಳಮನೆಯವರಿಗೆ ನಿಮ್ಮ ಹೆಜ್ಜೆ ಸದ್ದು ಕೇಳುವುದೂ ಕಡಿಮೆಯಾಗುತ್ತದೆ. ಟೇಪಿನ ಸಹವಾಸ ಮಾತ್ರ ಬೇಡ. ನನ್ನ ಮೊದಲ ಮನೆಯಲ್ಲಿ ಅಂಚು ಏಳದಿರಲೆಂದು ಎರಡೂ ಬದಿ ಅಂಟಿರುವ ಟೇಪನ್ನು ಸುತ್ತಲೂ ಎಳೆದು, ಜಾಣತನ ಮಾಡಿದೆನೆಂದುಕೊಂಡಿದ್ದೆ. ಮನೆ ಬಿಡುವಾಗ ಟೇಪಿನ ಬಟ್ಟೆಯಷ್ಟೇ ಕಿತ್ತು ಬಂತು, ಕಂದು ಗೋಂದು ಅಲ್ಲೇ ಉಳಿಯಿತು. ಹೇರ್ ಡ್ರೈಯರಿನ ಬಿಸಿಗಾಳಿ ಹಿಡಿದು, ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಕೆರೆಯುತ್ತ, ಮಂಡಿಯೂರಿ ಮೂರು ಸಂಜೆ ಕಳೆದೆ. ಟೈಲ್ಸ್ ಮೇಲಿನದು ಸುರುಳಿ ಸುರುಳಿಯಾಗಿ ಎದ್ದಿತು. ಸಂದಿನ ಸಿಮೆಂಟಿನೊಳಗೆ ಇಳಿದದ್ದು ಕೊನೆಗೂ ಬರಲಿಲ್ಲ.

ನಿಮ್ಮ ಮನೆ ನೆಲಮಹಡಿಯಲ್ಲಿದ್ದರೆ ತೇವವನ್ನು ಪರೀಕ್ಷಿಸದೆ ಹಾಸಬೇಡಿ. ದಪ್ಪ ಪ್ಲಾಸ್ಟಿಕ್ ಹಾಳೆಯೊಂದನ್ನು ಮೊಣಕೈ ಉದ್ದದ ಚೌಕವಾಗಿ ಕತ್ತರಿಸಿ, ಸುಲಭವಾಗಿ ಬಿಟ್ಟುಬರುವ ಪೇಂಟರ್ ಟೇಪಿನಿಂದ ನಾಲ್ಕೂ ಬದಿ ನೆಲಕ್ಕೆ ಮುಚ್ಚಿ, ಎರಡು ಮೂರು ದಿನ ಬಿಟ್ಟು ಎತ್ತಿ ನೋಡಿ. ಹಾಳೆಯ ಒಳಬದಿಯಲ್ಲಿ ಬೆವರಿನಂತೆ ಹನಿ ಕಟ್ಟಿದ್ದರೆ, ಸಂದುಗಳು ಸುತ್ತಲಿಗಿಂತ ಕಪ್ಪಾಗಿದ್ದರೆ, ನೆಲದಿಂದ ತೇವ ಏಳುತ್ತಿದೆಯೆಂದೇ ತಿಳಿಯಬೇಕು. ಅಂಥ ಕಡೆ ದೊಡ್ಡ ಕಾರ್ಪೆಟ್ ಹಾಸಿದರೆ ಕೆಳಗೆ ಬೂಷ್ಟು ಬೆಳೆದು ಕಾರ್ಪೆಟ್ಟೂ ಹಾಳು, ಉಸಿರಿಗೂ ತೊಂದರೆ. ವಾರಕ್ಕೊಮ್ಮೆ ಎತ್ತಿ ಒಣಗಿಸಬಹುದಾದ ಸಣ್ಣ ಹಾಸುಗಳೇ ಸರಿ. ಸೆಣಬಿನದು ತೇವಕ್ಕೆ ಸಲ್ಲದು.

ಕೆಲವು ಮನೆಗಳಲ್ಲಿ ಟೈಲ್ಸ್ ಕೆಳಗೇ ಬಿಸಿಮಾಡುವ ಕೊಳವೆ ಅಥವಾ ತಂತಿ ಇರುತ್ತದೆ. ಅಲ್ಲಿ ದಪ್ಪ ಮೆತ್ತೆ ಹಾಸಿದರೆ ಬಿಸಿ ಕೋಣೆಗೆ ಬಾರದೆ ಕೆಳಗೇ ಉಳಿಯುತ್ತದೆ. ಎಷ್ಟು ದಪ್ಪದವರೆಗೆ ಹಾಸಬಹುದೆಂದು ಮಾಲೀಕರನ್ನು ಕೇಳಿಯೇ ಮುಂದುವರಿಯಿರಿ. ಎಕ್ಸ್‌ಟೆನ್ಶನ್ ವೈರನ್ನು ಕಾರ್ಪೆಟ್ಟಿನಡಿ ಎಂದೂ ಹಾಯಿಸಬಾರದು. ಅದು ಕಣ್ಣಿಗೆ ಬೀಳದೆ ಬಿಸಿಯಾಗಿ ಬೆಂಕಿ ಹೊತ್ತಬಹುದು.

ಹೊಸ ಕಾರ್ಪೆಟ್ಟಿಗೆ ಒಂದು ಘಾಟು ವಾಸನೆ ಇರುತ್ತದೆ. ಬಿಚ್ಚಿ ಹರವಿ, ಕಿಟಕಿ ತೆರೆದಿಟ್ಟು ಎರಡು ಮೂರು ದಿನ ಆ ಕೋಣೆಯಲ್ಲಿ ಮಲಗದಿರುವುದು ಒಳ್ಳೆಯದು. ಏನಾದರೂ ಚೆಲ್ಲಿದರೆ ಉಜ್ಜಬೇಡಿ, ಬಿಳಿ ಬಟ್ಟೆಯಿಂದ ಒತ್ತಿ ಹೀರಿಸಿ. ಮನೆ ಬದಲಿಸುವಾಗ ಮಡಿಚದೆ ಸುರುಳಿ ಸುತ್ತಿ ಒಯ್ಯಿರಿ. ಮಡಿಚಿದ ಗೆರೆ ಹೊಸ ಮನೆಯಲ್ಲಿ ಹಾಸಿದ ಮೇಲೂ ಬಹಳ ದಿನ ಹೋಗುವುದಿಲ್ಲ.