ಆಂಟಿವೈರಸ್ ಬಾಕ್ಸಿನ ಮೇಲೆ ಬರೆದದ್ದನ್ನು ನಾನು ಪರೀಕ್ಷೆ ಮಾಡುವ ರೀತಿ

ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಆಂಟಿವೈರಸ್ ಕೂಡ ಮಾರುತ್ತೇನೆ. ಅಡಿಕೆ ಕೃಷಿಕರು, ಮಾಷ್ಟ್ರುಗಳು, ಸ್ಟುಡಿಯೋದವರು, ಸೊಸೈಟಿಯವರು ಎಲ್ಲ ಬರುತ್ತಾರೆ. ಬಾಕ್ಸ್ ಕೈಗೆ ತೆಗೊಂಡ ಮೇಲೆ ಹೆಚ್ಚಿನವರು ಕೇಳುವುದು ಒಂದೇ: "ಇದರಲ್ಲಿ ಬರೆದದ್ದು ನಿಜವಾ?" ಅದಕ್ಕೆ ಸರಿಯಾದ ಉತ್ತರ ಕೊಡುವುದು ಮಾರುವವನ ಜವಾಬ್ದಾರಿ. ಹಾಗಾಗಿ ಜಾಹೀರಾತಿನ ಮಾತುಗಳನ್ನು ನಾನೇ ಪರೀಕ್ಷೆ ಮಾಡುತ್ತಾ ಬಂದೆ.

ಮೊದಲು ಡೆಮೋ ವಿಷಯ. ಕಂಪನಿಯ ಹುಡುಗ ಬಂದು ಲ್ಯಾಪ್‌ಟಾಪಿನಲ್ಲಿ ಒಂದು ಫೈಲ್ ತೆರೆಯುತ್ತಾನೆ. ಕೂಡಲೇ ವೈರಸ್ ಸಿಕ್ಕಿತು ಅಂತ ಕೆಂಪು ಅಕ್ಷರದಲ್ಲಿ ಬರುತ್ತದೆ. ಆ ಫೈಲಿನ ಹೆಸರು ಐಕಾರ್. ಅದು ವೈರಸ್ಸೇ ಅಲ್ಲ, 68 ಅಕ್ಷರಗಳ ಒಂದು ಸಾಲು ಅಷ್ಟೆ. ಆಂಟಿವೈರಸ್ ಆನ್ ಇದೆಯಾ ಅಂತ ನೋಡಲಿಕ್ಕೆ ಮಾಡಿದ್ದು. ಅದನ್ನು ಹಿಡಿಯಬೇಕು ಅಂತ ಕಂಪನಿಗಳು ಮೊದಲೇ ಒಪ್ಪಿಕೊಂಡಿವೆ. ನಾನು ಅದೇ ಸಾಲನ್ನು ನೋಟ್‌ಪ್ಯಾಡಿಗೆ ಅಂಟಿಸಿ ಸೇವ್ ಮಾಡುತ್ತೇನೆ, ವಿಂಡೋಸ್ ಜೊತೆ ಪುಕ್ಕಟೆ ಬರುವ ಡಿಫೆಂಡರ್ ಅನ್ನುವ ಆಂಟಿವೈರಸ್ ಮಾತ್ರ ಇರುವ ಕಂಪ್ಯೂಟರಿನಲ್ಲಿ. ಅದೂ ಹಿಡಿಯುತ್ತದೆ. ಗಿರಾಕಿಯ ಎದುರೇ ಮಾಡಿ ತೋರಿಸಿದರೆ ಮತ್ತೆ ವಿವರಣೆ ಬೇಡ.

ನನಗೆ ಜಾಸ್ತಿ ಸಿಟ್ಟು ಬರುವುದು ಟ್ರಯಲ್ ಸ್ಕ್ಯಾನಿನ ಮೇಲೆ, ಅಂದರೆ ಹಣ ಕಟ್ಟುವ ಮೊದಲು ಪುಕ್ಕಟೆ ಮಾಡಿ ತೋರಿಸುವ ತಪಾಸಣೆಯ ಮೇಲೆ. ನೀರ್ಚಾಲು ಕಡೆಯ ನಿವೃತ್ತ ಮಾಷ್ಟ್ರೊಬ್ಬರು ಗಾಬರಿಯಲ್ಲಿ ಲ್ಯಾಪ್‌ಟಾಪ್ ಹಿಡ್ಕೊಂಡು ಬಂದರು. "ನೂರಾರು ಅಪಾಯ ಉಂಟಂತೆ ಮಾರಾಯ, ಹಣ ಕಟ್ಟಿದರೆ ಮಾತ್ರ ತೆಗೀತದಂತೆ!" "ಗಡಿಬಿಡಿ ಮಾಡ್ಬೇಡಿ ಮಾಷ್ಟ್ರೇ, ಪಟ್ಟಿ ಬಿಡಿಸಿ ನೋಡುವ" ಅಂದೆ. 'ವಿವರ' ಅನ್ನುವ ಸಣ್ಣ ಗುಂಡಿ ಮೂಲೆಯಲ್ಲಿತ್ತು. ಒತ್ತಿದರೆ ಸಾಲು ಸಾಲು ಕುಕೀಗಳು, ನಡುವೆ ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡುವ ರಿಜಿಸ್ಟ್ರಿಯಲ್ಲಿ ಹಳೇ ಪ್ರೋಗ್ರಾಂಗಳು ಬಿಟ್ಟುಹೋದ ಚೂರುಗಳು. ಕುಕೀ ಅಂದರೆ ವೆಬ್‌ಸೈಟ್ ನಮ್ಮ ಬ್ರೌಸರಿನಲ್ಲಿ ಇಡುವ ಸಣ್ಣ ಗುರುತು. ಜಾಹೀರಾತಿನವರು ಅದರಿಂದ ನಮ್ಮ ಜಾಡು ಹಿಡಿಯುವುದು ಹೌದು. ಆದರೆ ಫೈಲು ಹಾಳು ಮಾಡುವ ಶಕ್ತಿ ಅದಕ್ಕಿಲ್ಲ. ಬ್ರೌಸರಿನಲ್ಲೇ ಕುಕೀ ಅಳಿಸಿ ಇನ್ನೊಮ್ಮೆ ಸ್ಕ್ಯಾನ್ ಹಾಕಿದೆ. ನೂರಾರು ಇದ್ದದ್ದು ಬೆರಳೆಣಿಕೆಗೆ ಬಂತು. ಅದರಲ್ಲಿ ವೈರಸ್ ಒಂದೂ ಇರಲಿಲ್ಲ. ವಯಸ್ಸಾದವರನ್ನು ಹೀಗೆ ಹೆದರಿಸಿ ಹಣ ಕೀಳುವುದು ಅನ್ಯಾಯ ಅಲ್ವಾ?

ಇನ್ನು "100% ರಕ್ಷಣೆ". ಎಲ್ಲ ವೈರಸ್ಸನ್ನೂ ತಪ್ಪದೆ ಗುರುತಿಸುವ ಪ್ರೋಗ್ರಾಂ ಬರೆಯಲಿಕ್ಕೇ ಆಗುವುದಿಲ್ಲ ಅಂತ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಕೋಹೆನ್ 1984ರಲ್ಲೇ ತೋರಿಸಿಕೊಟ್ಟಿದ್ದಾರೆ. ಹಾಗಾದರೆ ಈ 100 ಎಲ್ಲಿಂದ ಬಂತು? ಅಂಕಿಯ ಪಕ್ಕ ಒಂದು ನಕ್ಷತ್ರ (*) ಇರುತ್ತದೆ. ಬಾಕ್ಸ್ ತಿರುಗಿಸಿದರೆ ಅದರ ವಿವರ ಅಡಿಯಲ್ಲಿ ಸಾಸಿವೆ ಗಾತ್ರದ ಅಕ್ಷರದಲ್ಲಿ ಸಿಗುತ್ತದೆ. ಪರೀಕ್ಷೆ ಮಾಡಿದ್ದು ಯಾವ ಲ್ಯಾಬು, ಯಾವ ತಿಂಗಳು, ಯಾವ ಆವೃತ್ತಿ ಅಂತ ಬರೆದುಕೊಳ್ಳುತ್ತೇನೆ. ಹೆಚ್ಚಾಗಿ ಜರ್ಮನಿಯ ಎವಿ-ಟೆಸ್ಟ್ ಅಥವಾ ಆಸ್ಟ್ರಿಯಾದ ಎವಿ-ಕಂಪ್ಯಾರೇಟಿವ್ಸ್ ಇರುತ್ತದೆ. ಇವರ ಫಲಿತಾಂಶ ಯಾರು ಬೇಕಾದರೂ ನೋಡಬಹುದು. ಎವಿ-ಟೆಸ್ಟ್ ರಕ್ಷಣೆಗೆ, ವೇಗಕ್ಕೆ, ಬಳಕೆಗೆ ತಲಾ 6 ಅಂಕ ಕೊಡುತ್ತದೆ. ಬಾಕ್ಸಿನವರು ಹೇಳುವ ತಿಂಗಳನ್ನೇ ತೆಗೆದು ನೋಡಿ. ರಕ್ಷಣೆಯಲ್ಲಿ 6 ಪಡೆದವರ ಸಾಲೇ ಇರುತ್ತದೆ. ಈಚಿನ ವರ್ಷಗಳಲ್ಲಿ ಡಿಫೆಂಡರ್ ಕೂಡ ಅದರಲ್ಲಿ ಇರುತ್ತದೆ. 100 ಅನ್ನುವುದು ಆ ಲ್ಯಾಬು ಆ ತಿಂಗಳು ಕೊಟ್ಟ ವೈರಸ್ ಮಾದರಿಗಳಿಗೆ ಮಾತ್ರ.

ನಮ್ಮ ಗಡಿನಾಡಿನಲ್ಲಿ ಇನ್ನೊಂದು ತೊಂದರೆ. ಜಾಹೀರಾತು ಮಲಯಾಳದಲ್ಲೋ ಕನ್ನಡದಲ್ಲೋ, ನಕ್ಷತ್ರದ ವಿವರ ಮಾತ್ರ ಇಂಗ್ಲಿಷಿನಲ್ಲಿ. ಯಾವ ಭಾಷೆಯಲ್ಲಿ ಹೇಳಿಕೆಯೋ ಅದೇ ಭಾಷೆಯಲ್ಲಿ ಷರತ್ತೂ ಇರಬೇಕು ಅಂತ ಕೇಂದ್ರದ 2022ರ ಜಾಹೀರಾತು ಮಾರ್ಗಸೂಚಿಯಲ್ಲೇ ಇದೆ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಗಿರಾಕಿಗಳಿಗೆ ಈ ನಂಬರ್ ಬರೆದು ಕೊಡುತ್ತೇನೆ.

"ನಿಮ್ಮ ಖಾಸಗಿ ಮಾಹಿತಿ ಭದ್ರ" ಅನ್ನುವ ಮಾತನ್ನು ಅಂಗಡಿಯಲ್ಲಿ ಕೂತು ಪರೀಕ್ಷೆ ಮಾಡಲಿಕ್ಕೆ ಆಗುವುದಿಲ್ಲ. ಜಾಡು ಹಿಡಿಯುವವರನ್ನು ತಡೆಯುತ್ತೇವೆ ಅಂದು, ಬಳಕೆದಾರರು ಏನೇನು ಬ್ರೌಸ್ ಮಾಡಿದರು ಅನ್ನುವ ಮಾಹಿತಿಯನ್ನೇ ಮಾರಿದ ಆರೋಪ ಅವಾಸ್ಟ್ ಅನ್ನುವ ಆಂಟಿವೈರಸ್ ಕಂಪನಿಯ ಮೇಲೆ ಬಂದಿತ್ತು. 2024ರಲ್ಲಿ ಅಮೆರಿಕದ ವ್ಯಾಪಾರ ಆಯೋಗ ಅದಕ್ಕೆ 1.65 ಕೋಟಿ ಡಾಲರ್ ಕಟ್ಟಿಸಿತು. ಹಾಗಾಗಿ ಯಾವ ಕಂಪನಿಯದೇ ಇರಲಿ, ಇನ್‌ಸ್ಟಾಲ್ ಮಾಡಿದ ಕೂಡಲೇ ಸೆಟ್ಟಿಂಗ್ಸಿಗೆ ಹೋಗಿ ಮಾಹಿತಿ ಹಂಚಿಕೊಳ್ಳುವ ಟಿಕ್ ಎಲ್ಲ ತೆಗೆಯುತ್ತೇನೆ.

ಹಲವು ಕಂಪ್ಯೂಟರ್ ಇರುವ ಕಚೇರಿಗಳಿಗೆ ಹಣ ಕೊಟ್ಟು ತೆಗೊಳ್ಳುವುದು ಒಳ್ಳೆಯದು. ಎಲ್ಲವನ್ನೂ ಒಂದೇ ಕಡೆಯಿಂದ ನೋಡಿಕೊಳ್ಳಬಹುದು. ಮನೆಯವರು ಕೇಳಿದರೆ ಮೊದಲು ವಿಂಡೋಸ್ ಅಪ್‌ಡೇಟ್ ಆಗಿದೆಯಾ ಅಂತ ನೋಡುತ್ತೇನೆ. ಫೈಲಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ವೈರಸ್ ಬಂದದ್ದು 2017ರ ಮೇ ತಿಂಗಳಲ್ಲಿ. ಅದು ನುಗ್ಗಿದ ತೂತನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ಕೊಟ್ಟಿತ್ತು. ಹಾಕದೆ ಬಿಟ್ಟ ಕಡೆ, ಕೇರಳದ ಪಂಚಾಯತ್ ಕಚೇರಿಗಳಲ್ಲಿ ಕೂಡ, ಫೈಲುಗಳಿಗೆ ಬೀಗ ಬಿತ್ತು. ಅಪ್‌ಡೇಟ್ ಹಾಕಿ, ಡಿಫೆಂಡರ್ ಆನ್ ಇಟ್ಟು, ಮುಖ್ಯ ಫೈಲುಗಳನ್ನು ಬೇರೆ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ ವಯರ್ ಕಳಚಿ ಇಡಿ ಅನ್ನುತ್ತೇನೆ. ಆಮೇಲೂ ಬಾಕ್ಸ್ ಬೇಕು ಅಂದವರಿಗೆ ನಕ್ಷತ್ರದ ಸಾಲನ್ನು ಓದಿ ಹೇಳಿಯೇ ಬಿಲ್ ಮಾಡುತ್ತೇನೆ.