ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕುತ್ತಿತ್ತು

ಕಳೆದ ಮಳೆಗಾಲದಲ್ಲಿ ಆಗುಂಬೆ ಘಾಟಿ ಇಳಿದು ಸೋಮೇಶ್ವರದಲ್ಲಿ ಟೀಗೆ ಅಂತ ಕಾರು ನಿಲ್ಲಿಸಿದ್ದೆ. ಹಿಂದೆ ಬೈಕಿನಲ್ಲಿ ಬಂದವರೊಬ್ಬರು ಹತ್ತಿರ ಬಂದು, "ನಿಮ್ಮ ಎಡಗಡೆ ಬ್ರೇಕ್ ಲೈಟು ಕಾಣೋದೇ ಇಲ್ಲ" ಅಂದರು. ಎದೆ ಧಸಕ್ ಅಂದಿತು. ಆ ಮಂಜು, ಆ ತಿರುವುಗಳಲ್ಲಿ ಹಿಂದಿನವರಿಗೆ ನಮ್ಮ ಬ್ರೇಕ್ ಲೈಟೇ ಗುರುತು ಅಲ್ವಾ?

ತೀರ್ಥಹಳ್ಳಿಗೆ ವಾಪಸ್ ಬಂದು ಬಲ್ಬು ಬದಲಾಯಿಸಿದೆ. ಒಂದೇ ಬಲ್ಬಿನಲ್ಲಿ ಎರಡು ಫಿಲಮೆಂಟ್ ಇರುವಂಥದ್ದು: ಬ್ರೇಕಿಗೆ 21 ವ್ಯಾಟ್, ಪಾರ್ಕಿಂಗಿಗೆ 5 ವ್ಯಾಟ್. ಹೊಸದೂ ಮಂಕಾಗಿಯೇ ಉರಿಯಿತು. ಗ್ಯಾರೇಜಿನಲ್ಲಿ ಹಿಂದಿನ ವೈರಿಂಗ್ ಪೂರ್ತಿ ತೆಗೆಯಬೇಕು ಅಂದರು. ಅದಕ್ಕೆ ಮೊದಲು ನಾನೇ ಒಮ್ಮೆ ನೋಡೋಣ ಅಂತ ಕೂತೆ.

ಸಂಜೆ ಮಗಳನ್ನು ಕೂರಿಸಿ ಬ್ರೇಕ್ ಒತ್ತಲು ಹೇಳಿದೆ. "ಅಪ್ಪಾ, ಇಂಡಿಕೇಟರ್ ಹಾಕಿಲ್ಲ, ಆದ್ರೂ ಎಡಗಡೆ ಬಾಣ ಸಣ್ಣಗೆ ಉರೀತಿದೆ" ಅಂದಳು. ಮುಂದೆ ಹೋಗಿ ನೋಡಿದರೆ ಎಡ ಇಂಡಿಕೇಟರೂ ಮಂಕಾಗಿ ಬೆಳಗುತ್ತಿತ್ತು. ನನಗೆ ದಾರಿ ತೋರಿಸಿದ್ದು ಇದೇ.

ಹಿಂದಿನ ಲ್ಯಾಂಪಿನ ಬಲ್ಬುಗಳೆಲ್ಲ ಸಾಮಾನ್ಯವಾಗಿ ಒಂದೇ ಕಪ್ಪು ವೈರಿನ ಮೂಲಕ ಕಾರಿನ ಲೋಹದ ಬಾಡಿಯ ಜೊತೆ ಅರ್ತ್ ಆಗಿರುತ್ತವೆ, ಅಂದರೆ ಕರೆಂಟು ಬ್ಯಾಟರಿಯ ನೆಗೆಟಿವಿಗೆ ವಾಪಸ್ ಹೋಗುವ ದಾರಿ ಅದು. ಆ ದಾರಿ ಕೆಟ್ಟರೆ ಕರೆಂಟು ಸುಮ್ನೆ ನಿಲ್ಲುವುದಿಲ್ಲ, ಬೇರೆ ದಾರಿ ಹುಡುಕುತ್ತದೆ. ಬ್ರೇಕಿನ ಫಿಲಮೆಂಟ್ ದಾಟಿ ಬಂದ ಕರೆಂಟು ಪಕ್ಕದ ಇಂಡಿಕೇಟರ್ ಬಲ್ಬಿನೊಳಗೆ ನುಗ್ಗಿ, ಕಾರಿನ ಮುಂಭಾಗದ ಇಂಡಿಕೇಟರ್ ಮೂಲಕ ಬಾಡಿ ಸೇರುತ್ತಿತ್ತು. ಇರುವ 12 ವೋಲ್ಟನ್ನು ಎಲ್ಲರೂ ಹಂಚಿಕೊಂಡರೆ ಎಲ್ಲವೂ ಮಂಕು.

ಮೊದಲ ದಿನವೇ ಮಲ್ಟಿಮೀಟರ್ ಹಿಡಿದಿದ್ದೆ. ಆದರೆ ಬಲ್ಬು ತೆಗೆದು, ಮೀಟರಿನ ಕಪ್ಪು ಕಡ್ಡಿಯನ್ನು ಬಾಡಿಯ ಒಂದು ಬೋಲ್ಟಿಗೆ ಒತ್ತಿ ನೋಡಿದ್ದೆ. ಬ್ರೇಕ್ ವೈರಿನಲ್ಲಿ 12 ವೋಲ್ಟ್ ಸರಿಯಾಗಿ ತೋರಿಸಿತ್ತು. ಹಾಗೆ ನೋಡಿದರೆ ಅರ್ತಿನ ತೊಂದರೆ ಕಾಣುವುದೇ ಇಲ್ಲ, ಏಕೆಂದರೆ ಲ್ಯಾಂಪಿನ ಕಪ್ಪು ವೈರು ಆ ಅಳತೆಯೊಳಗೆ ಬರುವುದೇ ಇಲ್ಲ. ಈ ಸಲ ಬಲ್ಬು ಇದ್ದಂತೆಯೇ, ಬ್ರೇಕ್ ಒತ್ತಿಸಿ, ಕೆಂಪು ಕಡ್ಡಿಯನ್ನು ಹೋಲ್ಡರಿನ ಕಪ್ಪು ವೈರಿಗೂ ಕಪ್ಪು ಕಡ್ಡಿಯನ್ನು ಉದ್ದನೆಯ ವೈರಿನಿಂದ ಬ್ಯಾಟರಿಯ ನೆಗೆಟಿವಿಗೂ ಕೊಟ್ಟೆ. ಸರಿಯಿದ್ದರೆ ಹೆಚ್ಚುಕಮ್ಮಿ ಸೊನ್ನೆ ಬರಬೇಕು. 6.2 ಬಂತು! ಅದೇ ಉದ್ದನೆಯ ವೈರಿನ ತುದಿಯನ್ನು ಹೋಲ್ಡರಿನ ಕಪ್ಪು ವೈರಿಗೆ ನೇರ ಮುಟ್ಟಿಸಿದೆ. ಲೈಟು ಝಗ್ ಅಂತ ಹೊತ್ತಿತು. ಆಗಿನ ಸಂತೋಷ ಹೇಳತೀರದು.

ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕಪ್ಪು ವೈರನ್ನು ಹಿಂಬಾಲಿಸಿದೆ. ಡಿಕ್ಕಿಯ ಮೂಲೆಯಲ್ಲಿ, ಕಾರ್ಪೆಟ್ ಕೆಳಗೆ 10 ಎಂಎಂ ಬೋಲ್ಟು. ಲ್ಯಾಂಪಿನ ರಬ್ಬರಿನ ಸಂದಿಯಿಂದ ನೀರು ಇಳಿದು ಅಲ್ಲೇ ನಿಂತಿತ್ತು. ವೈರಿನ ತುದಿಯ ಲೋಹದ ಬಳೆ, ಅಂದರೆ ರಿಂಗ್ ಟರ್ಮಿನಲ್, ಹಸಿರುಗಟ್ಟಿತ್ತು, ಕೆಳಗೆಲ್ಲ ತುಕ್ಕು. ಎಮರಿ ಪೇಪರಿನಲ್ಲಿ ಉಜ್ಜಿ ಹೊಳೆಯುವ ಲೋಹ ತರಿಸಿದೆ. ವೈರಿನ ತುದಿಯೂ ಕಪ್ಪಾಗಿತ್ತು, ಅದನ್ನು ಕತ್ತರಿಸಿ ಹೊಸ ಟರ್ಮಿನಲ್ ಒತ್ತಿ ಕೂರಿಸಿದೆ (ಕ್ರಿಂಪ್). ಬೋಲ್ಟು ಬಿಗಿ ಮಾಡಿ ಮೇಲೆ ವ್ಯಾಸಲೀನ್ ಸವರಿದೆ. ರಬ್ಬರ್ ಹೊಸದು ಹಾಕಿದೆ, ಇಲ್ಲದಿದ್ದರೆ ಮುಂದಿನ ಮಳೆಗೆ ಮತ್ತೆ ಇದೇ ಕಥೆ.

ಬ್ಯಾಟರಿ ಮತ್ತೆ ಜೋಡಿಸಿ ಮೊದಲಿನಂತೆಯೇ ಅಳೆದಾಗ ಮೀಟರ್ 0.05 ವೋಲ್ಟ್ ತೋರಿಸಿತು. ಬಾಣ ಮಿಣುಕುವುದೂ ನಿಂತಿತು. ಬಲಗಡೆಯ ಬೋಲ್ಟನ್ನೂ ಬಿಚ್ಚಿ ನೋಡಿದೆ. ಅಲ್ಲೂ ತುಕ್ಕು ಶುರುವಾಗಿತ್ತು. ಅದನ್ನೂ ಉಜ್ಜಿ ಮುಗಿಸಿಯೇ ಒಳಗೆ ಹೋದೆ.