ಪಾಯಿಂಟ್ ಟೂಟೂ ಮ್ಯಾಗಜೀನಿನಲ್ಲಿ ಗುಂಡು ಸಿಕ್ಕಿಕೊಂಡರೆ

ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿ ನನ್ನದು ಗಡಿಯಾರ ರಿಪೇರಿ ಅಂಗಡಿ. ಗುರಿ ಅಭ್ಯಾಸಕ್ಕೆ ಪರವಾನಗಿ ಪಡೆದ ಪಾಯಿಂಟ್ ಟೂಟೂ, ಅಂದರೆ .22 ಇಂಚು ಅಳತೆಯ ಸಣ್ಣ ಗುಂಡಿನ ರೈಫಲ್ ಇಟ್ಟುಕೊಂಡಿದ್ದೇನೆ. ಅದರ ಮೂಲ ಮ್ಯಾಗಜೀನ್ (ಗುಂಡು ತುಂಬಿಡುವ ಪೆಟ್ಟಿಗೆ) ಸವೆದಾಗ ಬೇರೆ ತಯಾರಕರ ಹತ್ತು ಗುಂಡಿನದೊಂದನ್ನು ತಂದೆ. ಮೊದಲ ದಿನವೇ ಮೂರನೆಯ ಗುಂಡು ಸಿಕ್ಕಿಕೊಂಡಿತು. "ತುಟಿ ಸ್ವಲ್ಪ ಬಗ್ಗಿಸಿ ಅಣ್ಣಾ, ಸರಿಹೋಗುತ್ತದೆ" ಎಂದರು ಜೊತೆಗಿದ್ದವರು. ತುಟಿ ಎಂದರೆ ಮ್ಯಾಗಜೀನಿನ ಬಾಯಲ್ಲಿ ಗುಂಡನ್ನು ಹಿಡಿದಿಡುವ ಅಂಚು. ನಾನು ಒಪ್ಪಲಿಲ್ಲ. ಕೂದಲೆಳೆಯಷ್ಟು ಅಂತರಕ್ಕೆ ಗಡಿಯಾರ ನಿಲ್ಲುವುದನ್ನು ದಿನವೂ ನೋಡುವವನು ನಾನು. ಒಮ್ಮೆ ಬಗ್ಗಿದ ತುಟಿ ಮೊದಲಿನ ಅಳತೆಗೆ ಮರಳುವುದು ಕಷ್ಟ.

ಸಿಕ್ಕಿಕೊಂಡ ಗುಂಡನ್ನು ಸ್ಕ್ರೂಡ್ರೈವರ್‌ನಿಂದ ಎಂದೂ ಮೀಟಬೇಡಿ. ಈ ಗುಂಡಿನ ಸಿಡಿಮದ್ದು ಹಿಂಬದಿಯ ಅಂಚಿನೊಳಗೇ ಇರುತ್ತದೆ. ಅಂಚು ಜಜ್ಜಿದರೆ ಸಿಡಿಯಬಹುದು. ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಮ್ಯಾಗಜೀನ್ ತೆಗೆಯಿರಿ, ಗುಂಡನ್ನು ಒಳಕ್ಕೆ ತಳ್ಳುವ ಬೋಲ್ಟ್ ಎಳೆದು, ಗುಂಡು ಕೂರುವ ಚೇಂಬರ್ ಖಾಲಿಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳಿ. ಮುಂದಿನ ಪರೀಕ್ಷೆಗಳೆಲ್ಲ ಮದ್ದಿಲ್ಲದ ಡಮ್ಮಿ ಗುಂಡಿನಲ್ಲೇ ನಡೆಯಲಿ. ನಿಜವಾದ ಗುಂಡುಗಳು ಬೇರೆ ಕೋಣೆಯಲ್ಲಿ ಬೀಗದೊಳಗಿರಲಿ.

ಮೊದಲು ತುಂಬುವ ಕ್ರಮ ನೋಡಿ. ಗುಂಡಿನ ಮೈ ಸುಮಾರು 5.7 ಮಿಲಿಮೀಟರ್, ಹಿಂಬದಿಯ ಅಂಚು ಸುಮಾರು 7 ಮಿಲಿಮೀಟರ್. ಹೀಗೆ ಹೊರಚಾಚಿದ ಅಂಚೇ ಅರ್ಧ ತಂಟೆಗೆ ಮೂಲ. ಮೇಲಿನ ಗುಂಡಿನ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಕೂರಬೇಕು. ಹಿಂದೆ ಕುಳಿತರೆ ಬೋಲ್ಟ್ ತಳ್ಳಿದಾಗ ಎರಡೂ ಒಂದಕ್ಕೊಂದು ಕೊಕ್ಕೆ ಹಾಕಿಕೊಳ್ಳುತ್ತವೆ. ಅವಸರದಲ್ಲಿ ತುಂಬಿದಾಗ ನನಗೂ ಹೀಗಾಗಿದೆ.

ಕ್ರಮ ಸರಿಯಿದ್ದೂ ಗುಂಡಿನ ಮೂತಿ ಚೇಂಬರಿನ ಕೆಳ ಅಂಚಿಗೆ ಬಡಿಯುತ್ತಿದ್ದರೆ, ಮ್ಯಾಗಜೀನನ್ನು ಕೈಯಿಂದ ಮೇಲಕ್ಕೆ ಒತ್ತಿ ಹಿಡಿದು ಬೋಲ್ಟ್ ನಡೆಸಿ. ಆಗ ಸಲೀಸಾಗಿ ಹೋದರೆ ಮ್ಯಾಗಜೀನನ್ನು ಹಿಡಿದಿಡುವ ಕೊಕ್ಕೆ ಕೂರುವ ಜಾಗ ಸಡಿಲವಾಗಿದೆ ಎಂದರ್ಥ. ಬೇರೆ ತಯಾರಕರದರಲ್ಲಿ ಇದು ಮಾಮೂಲು. ಮೂತಿ ಮೇಲಕ್ಕೆ ಜಿಗಿಯುತ್ತಿದ್ದರೆ ತುಟಿ ಅಗಲವಾಗಿ ಗುಂಡನ್ನು ಬೇಗ ಬಿಡುತ್ತಿರಬಹುದು. ಕೊನೆಯ ಎರಡು ಮೂರು ಗುಂಡು ಮಾತ್ರ ತಡವರಿಸಿದರೆ ಸ್ಪ್ರಿಂಗ್ ಸೋತಿರಬಹುದು, ಇಲ್ಲವೇ ಗುಂಡನ್ನು ಮೇಲೆತ್ತುವ ತಟ್ಟೆ ಓರೆಯಾಗುತ್ತಿರಬಹುದು.

ನಂತರ ತಳ ಬಿಚ್ಚಿ. ಸ್ಪ್ರಿಂಗ್ ಯಾವ ಮುಖಕ್ಕೆ ಕುಳಿತಿತ್ತೆಂದು ಮೊದಲೇ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ತಿರುಗಿಸಿ ಹಾಕಿದರೆ ಹೊಸ ತೊಂದರೆ ಹುಟ್ಟುತ್ತದೆ. ಅನೇಕ ಸೀಸದ ಗುಂಡುಗಳಿಗೆ ಮೇಣ ಸವರಿರುತ್ತದೆ. ನಮ್ಮ ಮೇ ತಿಂಗಳ 40 ಡಿಗ್ರಿ ದಾಟುವ ಬಿಸಿಲಿಗೆ ಅದು ಮೆತ್ತಗಾಗಿ ಒಳಗೋಡೆಗೆ ಅಂಟುತ್ತದೆ, ತೊಗರಿ ರಾಶಿಯ ದಿನಗಳ ಧೂಳು ಅದರ ಮೇಲೆ ಕೂರುತ್ತದೆ. ಪ್ಲಾಸ್ಟಿಕ್ ಭಾಗಗಳನ್ನು ಸೋಪಿನ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆದು ನೆರಳಿನಲ್ಲಿ ಪೂರ್ತಿ ಒಣಗಿಸಿ. ಸ್ಪ್ರಿಂಗನ್ನು ಒಣಬಟ್ಟೆಯಿಂದ ಒರೆಸಿದರೆ ಸಾಕು. ಒಳಗೆ ಎಣ್ಣೆ ಸುರಿಯಬೇಡಿ, ಮತ್ತಷ್ಟು ಧೂಳು ಹಿಡಿಯುತ್ತದೆ.

ನನ್ನದನ್ನು ಭೂತಗನ್ನಡಿಯಲ್ಲಿ ನೋಡಿದಾಗ ಆ ತಟ್ಟೆಯ ಅಂಚಿನಲ್ಲಿ ಅಚ್ಚಿನಿಂದ ಉಳಿದ ಸಣ್ಣ ಮುಳ್ಳು ಕಂಡಿತು. ಮೂರನೆಯ ಗುಂಡಿನ ಮಟ್ಟಕ್ಕೆ ಬಂದಾಗ ಅದು ಗೋಡೆಯನ್ನು ಕೆರೆಯುತ್ತಿತ್ತು, ಗೀರು ಸ್ಪಷ್ಟವಾಗಿತ್ತು. ಅದನ್ನು ಉಜ್ಜಲು ನನ್ನ ಕೈ ತುಡಿಯಿತು. ಆದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಬಂದೂಕು ದುರಸ್ತಿಗೆ ಪ್ರತ್ಯೇಕ ಪರವಾನಗಿ ಬೇಕು. ಗೀರಿನ ಚಿತ್ರ ತೋರಿಸಿ ಪರವಾನಗಿ ಇರುವ ಬಂದೂಕು ಅಂಗಡಿಯವರಿಗೆ ಕೊಟ್ಟೆ. ಹತ್ತು ನಿಮಿಷದ ಕೆಲಸ. ತುಟಿಯನ್ನು ಅವರೂ ಮುಟ್ಟಲಿಲ್ಲ.

ಈಗ ಪ್ರತಿ ಮ್ಯಾಗಜೀನಿನ ತಳಕ್ಕೆ ಸಂಖ್ಯೆ ಬರೆದಿದ್ದೇನೆ. ಯಾವುದು, ಎಷ್ಟನೆಯ ಗುಂಡಿಗೆ ತಡೆಯಿತು ಎಂಬುದು ಚೀಟಿಯಲ್ಲಿ ಇರುತ್ತದೆ.